ಕಾರಿನೊಳಗಿನ ಪ್ಲಾಸ್ಟಿಕ್ ಮುರಿದರೆ ಯಾವ ಅಂಟು? ಮೊದಲು ತುಂಡನ್ನು ತಿರುಗಿಸಿ ನೋಡಿ

ಡೋರ್ ಪ್ಯಾಡ್, ಅಂದರೆ ಕಾರಿನ ಬಾಗಿಲ ಒಳಬದಿಯ ಹೊದಿಕೆ, ಬಿಚ್ಚುವಾಗ ಒಳಗಿನಿಂದ 'ಟಕ್' ಅಂತ ಒಂದು ಸದ್ದು ಬರುತ್ತದೆ. ಅದು ಕ್ಲಿಪ್ ಬಿಟ್ಟುಕೊಂಡ ಸದ್ದೋ, ಕ್ಲಿಪ್ ಕೂರುವ ಗೂಡೇ ಮುರಿದ ಸದ್ದೋ ಅನ್ನೋದು ಪ್ಯಾಡ್ ಕೈಗೆ ಬಂದ ಮೇಲೆಯೇ ಗೊತ್ತಾಗುವುದು. ಮುರಿದಿದ್ದರೆ ಎಲ್ಲರ ಕೈಯೂ ನೇರವಾಗಿ ಸೂಪರ್ ಗ್ಲೂ ಟ್ಯೂಬಿಗೆ ಹೋಗುತ್ತದೆ. ನನ್ನದೂ ಹಾಗೇ ಹೋಗುತ್ತಿತ್ತು. ಈಗ ಸ್ವಲ್ಪ ತಡೆಯುತ್ತೇನೆ.

ನಾನು ಮೊದಲ ಸಲ ಕೈ ಹಾಕಿದ್ದು ಡೋರ್ ಪಾಕೆಟ್ಟಿಗೆ. ಬಾಟಲಿ ಇಡುವ ಜಾಗದ ಅಂಚು ಉದ್ದಕ್ಕೆ ಸೀಳಿತ್ತು. ಒಳ್ಳೆಯ ಎಪಾಕ್ಸಿ ತಂದೆ, ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿದೆ, ಹಿಂದಿನಿಂದ ದಪ್ಪಗೆ ಮೆತ್ತಿ ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮೂರನೇ ದಿನ ನೀರಿನ ಬಾಟಲಿ ಇಟ್ಟು ಬಾಗಿಲು ಹಾಕಿದೆ ನೋಡಿ, ಸೀಳು ಮತ್ತೆ ಬಾಯಿ ಬಿಟ್ಟಿತು. ಎಪಾಕ್ಸಿಯ ಅಂಚಿಗೆ ಉಗುರು ಹಾಕಿ ಎತ್ತಿದರೆ ಒಣಗಿದ ಹಕ್ಕಳೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಅದರ ಅಡಿಯಲ್ಲಿ ನಾನು ಉಜ್ಜಿದ ಗೆರೆಗಳೆಲ್ಲ ಅಚ್ಚು ಒತ್ತಿದ ಹಾಗೆ ಮೂಡಿದ್ದವು. ಅಂಟೂ ಮುರಿದಿರಲಿಲ್ಲ, ಪ್ಲಾಸ್ಟಿಕ್ಕೂ ಮುರಿದಿರಲಿಲ್ಲ. ಇಬ್ಬರಿಗೂ ಪರಿಚಯವೇ ಆಗಿರಲಿಲ್ಲ, ಅಷ್ಟೇ.

ಆ ಪ್ಯಾಡಿನ ಹಿಂದೆ ಪಿಪಿ ಅಂತ ಅಚ್ಚಾಗಿತ್ತು. ನಾನು ನೋಡಿರಲಿಲ್ಲ.

ಹಿಂದಿನ ಅಕ್ಷರ ಏನು ಹೇಳುತ್ತದೆ

ಕಾರಿನ ಪ್ಲಾಸ್ಟಿಕ್ ಭಾಗಗಳ ಹಿಂಬದಿಯಲ್ಲಿ ಎರಡು ಬಾಣದ ತುದಿಗಳ ನಡುವೆ ಒಂದಷ್ಟು ಇಂಗ್ಲಿಷ್ ಅಕ್ಷರ ಇರುತ್ತವೆ. ಐಎಸ್ಒ 11469 ಅನ್ನೋ ಮಾನದಂಡದ ಪ್ರಕಾರ ಹಾಕುವ ಗುರುತು ಅದು. ಮರುಬಳಕೆಗೆ ಬೇರ್ಪಡಿಸುವವರಿಗೆ ಅಂತ ಮಾಡಿದ್ದು, ನಮಗೂ ಉಪಯೋಗಕ್ಕೆ ಬರುತ್ತದೆ. ಎಬಿಎಸ್ (ಬ್ರೇಕಿನದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಜಾತಿ) ಅಂತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಹೆಚ್ಚುಕಡಿಮೆ ಎಲ್ಲ ಅಂಟೂ ಹಿಡಿಯುತ್ತದೆ. ಪಿಸಿ+ಎಬಿಎಸ್ ಅಂದರೆ ಅದಕ್ಕೆ ಪಾಲಿಕಾರ್ಬೊನೇಟ್ ಸೇರಿಸಿದ್ದಾರೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಅದರ ಜೊತೆ ಇಪಿಡಿಎಂ ಅಂತಿದ್ದರೆ ರಬ್ಬರ್ ಬೆರೆತಿದೆ, ಟಿಡಿ20 ಅಥವಾ ಟಿ20 ಅಂತಿದ್ದರೆ ಶೇ. 20ರಷ್ಟು ಟಾಲ್ಕ್ ಪುಡಿ ಬೆರೆತಿದೆ. ಪಿಎ ಅಂದರೆ ನೈಲಾನ್. ಪಿಎ6-ಜಿಎಫ್30 ಅಂದರೆ ಶೇ. 30ರಷ್ಟು ಗಾಜಿನ ಎಳೆ ಸೇರಿದ ನೈಲಾನ್. ಪಿಒಎಂ ಅಂದರೆ ಅಸಿಟಾಲ್, ಜಾರುವ ಸ್ವಭಾವದ ಗಟ್ಟಿ ಪ್ಲಾಸ್ಟಿಕ್. ಅದಕ್ಕೆ ಅಂಟು ಹಚ್ಚುವ ಆಸೆ ಈಗಲೇ ಬಿಟ್ಟುಬಿಡಿ.

ಸಾಮಾನ್ಯವಾಗಿ ಗೇರಿನ ಸುತ್ತಲಿನ ಪಟ್ಟಿ, ಎಸಿ ಗಾಳಿ ಬರುವ ಕಿಂಡಿಯ ಚೌಕಟ್ಟು, ಬಣ್ಣ ಹೊಡೆದ ಹೊಳೆಯುವ ಭಾಗ ಇವೆಲ್ಲ ಎಬಿಎಸ್ ಅಥವಾ ಪಿಸಿ+ಎಬಿಎಸ್ ಆಗಿರುತ್ತವೆ. ಡೋರ್ ಪ್ಯಾಡಿನ ಕೆಳಭಾಗ, ಡಿಕ್ಕಿಯ ಒಳಗೋಡೆ, ಕಿಟಕಿಗಳ ಪಕ್ಕದ ಕಂಬಗಳ ಹೊದಿಕೆ ಬಹುಪಾಲು ಪಿಪಿ. ಆದರೆ ಇದನ್ನೇ ನಂಬಿ ಕೂರಬೇಡಿ. ಒಂದೇ ಪ್ಯಾಡಿನಲ್ಲಿ ಮೂರು ಬಗೆ ಪ್ಲಾಸ್ಟಿಕ್ ಇರುವುದೂ ಉಂಟು.

ಗುರುತೇ ಸಿಗದಿದ್ದರೆ? ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ, ತೇಲಿದರೆ ಪಿಪಿ ಅಂತ ಎಲ್ಲರೂ ಹೇಳುತ್ತಾರೆ. ತೇಲಿದರೆ ಹೆಚ್ಚುಕಡಿಮೆ ನಿಜ, ಪಿಪಿಯ ಸಾಂದ್ರತೆ 0.9ರ ಆಸುಪಾಸು. ಆದರೆ ಮುಳುಗಿದರೆ ಎಬಿಎಸ್ ಅಂತ ತೀರ್ಮಾನ ಮಾಡಬೇಡಿ. ಶೇ. 20 ಟಾಲ್ಕ್ ಸೇರಿದ ಪಿಪಿಯೂ ಮುಳುಗುತ್ತದೆ, ಅದರ ಸಾಂದ್ರತೆ ಎಬಿಎಸ್‌ನ ಹತ್ತಿರಕ್ಕೇ ಬರುತ್ತದೆ. ನನಗೆ ಇದಕ್ಕಿಂತ ಅಸಿಟೋನ್ ಪರೀಕ್ಷೆಯೇ ಸರಿ ಅನ್ನಿಸುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅಸಿಟೋನ್‌ನಲ್ಲಿ ಅದ್ದಿ, ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಐದಾರು ಸಲ ಉಜ್ಜಿ. ಎಬಿಎಸ್ ಆದರೆ ಹತ್ತಿಗೆ ಬಣ್ಣ ಹತ್ತುತ್ತದೆ, ಜಾಗ ಅಂಟಂಟಾಗುತ್ತದೆ. ಪಿಪಿ ಆದರೆ ಏನೂ ಆಗುವುದಿಲ್ಲ, ಸುಮ್ನೆ ಸ್ವಚ್ಛ ಆಗುತ್ತದೆ.

ಪಿಪಿಗೆ ಯಾಕೆ ಅಂಟು ಹಿಡಿಯುವುದಿಲ್ಲ ಅಂದರೆ, ಕೆಸುವಿನ ಎಲೆಯ ಮೇಲೆ ನೀರು ಹಾಕಿದ್ದು ನೆನಪಿಸಿಕೊಳ್ಳಿ. ನೀರು ಎಲೆಯನ್ನು ಒದ್ದೆ ಮಾಡುವುದೇ ಇಲ್ಲ, ಹನಿಯಾಗಿ ಉರುಳುತ್ತದೆ. ಅಂಟು ಹಿಡಿಯಬೇಕಾದರೆ ಮೊದಲು ಮೈಗೆ ಹರಡಬೇಕು, ಪಿಪಿಯ ಮೈ ಅದನ್ನು ಹರಡಲು ಬಿಡುವುದಿಲ್ಲ. ಎಷ್ಟು ಉಜ್ಜಿದರೂ ಆ ಗುಣ ಹೋಗುವುದಿಲ್ಲ. ನನ್ನ ಡೋರ್ ಪಾಕೆಟ್ಟೇ ಸಾಕ್ಷಿ.

ಬಿಸಿಲು ಮತ್ತು ಎಳೆತ

ಅಂಟಿನ ಪೊಟ್ಟಣದ ಮೇಲೆ ಬರೆದ ಬಲವೆಲ್ಲ ತಂಪು ಕೋಣೆಯದ್ದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಕಪ್ಪು ಡ್ಯಾಶ್‌ಬೋರ್ಡ್ 70–80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅಲ್ಲಿಗೆ ಬೇಕಾದ ಅಂಟೇ ಬೇರೆ, ಕಾಲ ಬಳಿಯ ಪಟ್ಟಿಗೆ ಬೇಕಾದ ಅಂಟೇ ಬೇರೆ.

ಎರಡನೆಯದು ಎಳೆತ. ಗೋಡೆಗೆ ಹಚ್ಚಿದ ಟೇಪನ್ನು ಮೈಗೆ ಸಮವಾಗಿ ಜಾರಿಸಿ ಎಳೆದರೆ ಬರುವುದಿಲ್ಲ. ತುದಿ ಹಿಡಿದು ಸುಲಿದರೆ ಸರಕ್ಕನೆ ಬರುತ್ತದೆ. ಅಂಟಿದ ಜಾಗವೂ ಹಾಗೇ. ಮುರಿದ ಎರಡು ಅಂಚು ಸೇರಿಸಿದ ಗೆರೆ ತೀರಾ ಸಣ್ಣದು, ಸ್ವಲ್ಪ ಬಾಗಿದರೂ ಸುಲಿಯುತ್ತದೆ. ಅದಕ್ಕೇ ನಾನು ಅಂಚಿಗೆ ಹಾಕುವ ಅಂಟನ್ನು ಬರೀ ಜೋಡಿಸಿ ಹಿಡಿಯಲು ಅಂತ ಲೆಕ್ಕ ಹಾಕುತ್ತೇನೆ. ಬಲ ಕೊಡುವುದು ಹಿಂದಿನಿಂದ ಹಾಕುವ ತೇಪೆ: ಗಾಜಿನ ಎಳೆಯ ಜಾಲರಿ, ತೆಳು ಲೋಹದ ಜಾಲರಿ, ಇಲ್ಲವೇ ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿ.

ಸೂಪರ್ ಗ್ಲೂ

ಇದನ್ನು ಬೈಯುವವರು ಜಾಸ್ತಿ, ಬಳಸಲು ಗೊತ್ತಿರುವವರು ಕಡಿಮೆ. ಗಾಳಿಯಲ್ಲಿ, ಮೈಮೇಲೆ ಇರುವ ತೇವದಿಂದಲೇ ಇದು ಗಟ್ಟಿಯಾಗುವುದು. ಹಾಗಾಗಿ ತೆಳುವಾಗಿ ಹಾಕಿದಷ್ಟೂ ಒಳ್ಳೆಯದು. ಎಬಿಎಸ್ ತುಂಡು ನೀಟಾಗಿ ಮುರಿದಿದ್ದು, ಎರಡೂ ಅಂಚು ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದರೆ ಇದಕ್ಕಿಂತ ಬೇಗ ಮುಗಿಯುವ ಕೆಲಸ ಇನ್ನೊಂದಿಲ್ಲ. ಆದರೆ ಗಟ್ಟಿಯಾದ ಮೇಲೆ ಗಾಜಿನ ಹಾಗೆ, ಬಾಗುವುದಿಲ್ಲ, ಬಡಿತ ತಡೆಯುವುದಿಲ್ಲ. ಮಾಮೂಲಿ ಸೂಪರ್ ಗ್ಲೂ 80 ಡಿಗ್ರಿಯ ಹತ್ತಿರ ಬಲ ಕಳೆದುಕೊಳ್ಳುತ್ತದೆ, ಅಂದರೆ ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಅಂಚಿನಲ್ಲಿ ಪಾಸು.

ದೊಡ್ಡ ತಲೆನೋವು ಬಿಳಿ ಪೊರೆ. ಅಂಟಿನ ಆವಿ ಅಕ್ಕಪಕ್ಕ ಕೂತು, ಕಪ್ಪು ಪ್ಲಾಸ್ಟಿಕ್ಕಿಗೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಕಡಿಮೆ ಹಾಕಿ, ಗಾಳಿ ಆಡುವ ಕಡೆ ಒಣಗಿಸಿ, ಇಲ್ಲವೇ ಆವಿ ಕಡಿಮೆ ಬಿಡುವ ವಾಸನೆರಹಿತ ಬಗೆಯದನ್ನು ತನ್ನಿ. ರಬ್ಬರ್ ಬೆರೆಸಿದ ಕಪ್ಪು ಸೂಪರ್ ಗ್ಲೂ ಅಂತ ಒಂದು ಸಿಗುತ್ತದೆ, ಗಟ್ಟಿಯಾಗಲು ತುಸು ತಡ, ಆದರೆ ಬಡಿತ ತಡೆಯುತ್ತದೆ, ಕಪ್ಪು ಪಟ್ಟಿಯಲ್ಲಿ ಗೆರೆಯೂ ಕಾಣುವುದಿಲ್ಲ. ಕಾರಿನ ಒಳಗಿನ ಕೆಲಸಕ್ಕೆ ನಾನಾದರೆ ಅದನ್ನೇ ತರುತ್ತೇನೆ.

ಅಡುಗೆ ಸೋಡಾ ಉದುರಿಸಿ ಮೇಲೆ ಸೂಪರ್ ಗ್ಲೂ ಬಿಡುವ ಉಪಾಯ ಎಲ್ಲರಿಗೂ ಗೊತ್ತು. ಕೆಲಸ ಮಾಡುತ್ತದೆ, ಕ್ಷಣದಲ್ಲಿ ಕಲ್ಲಾಗುತ್ತದೆ, ಚೂರು ಹಾರಿಹೋದ ಮೂಲೆ ತುಂಬಲು ಪರವಾಗಿಲ್ಲ. ಭಾರ ಹೊರುವ ಜಾಗಕ್ಕೆ ಬೇಡ, ಅಲ್ಲಿ ಪುಡಿಪುಡಿಯಾಗುತ್ತದೆ. ಹತ್ತಿಬಟ್ಟೆಗೆ ಮಾತ್ರ ಸೂಪರ್ ಗ್ಲೂ ಸುರಿಯಬೇಡಿ. ಕೈ ಸುಡುವಷ್ಟು ಬಿಸಿಯಾಗುತ್ತದೆ, ಕಣ್ಣು ಉರಿಸುವ ಹೊಗೆ ಏಳುತ್ತದೆ.

ಎಬಿಎಸ್‌ಗೆ ಅಸಿಟೋನ್, ಇದಕ್ಕೆ ನನ್ನ ವೋಟು

ನಿಜ ಹೇಳಬೇಕೆಂದರೆ ಇದು ಅಂಟೇ ಅಲ್ಲ. ಅಸಿಟೋನ್ ಎಬಿಎಸ್ ಅನ್ನು ಕರಗಿಸುತ್ತದೆ, ಎರಡು ಕರಗಿದ ಅಂಚು ಒಂದರೊಳಗೊಂದು ಸೇರಿ ಒಣಗಿದರೆ ಮತ್ತೆ ಒಂದೇ ತುಂಡು. ಅಂಚುಗಳನ್ನು ಸೇರಿಸಿ ಹಿಡಿದು ಸಣ್ಣ ಬ್ರಶ್ಶಿನಿಂದ ಹಿಂಬದಿಯ ಸೀಳಿಗೆ ಮುಟ್ಟಿಸಿದರೆ ಸಾಕು, ಬತ್ತಿಗೆ ಎಣ್ಣೆ ಏರಿದ ಹಾಗೆ ತಾನೇ ಒಳಗೆ ಹರಿಯುತ್ತದೆ.

ಸಂದು ದೊಡ್ಡದಿದ್ದರೆ ಗೊಜ್ಜು ಮಾಡಿಕೊಳ್ಳಬೇಕು. ಬೇಡದ ಎಬಿಎಸ್ ತುಂಡನ್ನು ಚೂರು ಮಾಡಿ ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಹಾಕಿ, ಮುಚ್ಚಳ ಬಿಗಿ ಮಾಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಡ್ಡಿಯಲ್ಲಿ ಕಲಕಿದರೆ ಜೇನಿನ ಹಾಗೆ ಎಳೆಎಳೆಯಾಗಿ ಬೀಳಬೇಕು. ಗಟ್ಟಿಯಾಗಿದ್ದರೆ ನಾಲ್ಕು ಹನಿ ಅಸಿಟೋನ್, ನೀರಾಗಿದ್ದರೆ ಇನ್ನೆರಡು ಚೂರು ಪ್ಲಾಸ್ಟಿಕ್. ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟದಲ್ಲಿ ಕಲಸಲು ಹೋಗಬೇಡಿ, ಪಾಲಿಸ್ಟೈರೀನ್ ಲೋಟ ಆದರೆ ಲೋಟವೇ ಕರಗಿ ಕೆಳಗೆ ಹರಿಯುತ್ತದೆ. ಈ ಗೊಜ್ಜಿನಲ್ಲಿ ಗಾಜಿನ ಎಳೆಯ ಜಾಲರಿ ನೆನೆಸಿ ಹಿಂದಿನಿಂದ ಹಚ್ಚಿದರೆ ಒಳ್ಳೆ ತೇಪೆ. ಒಣಗುವಾಗ ಕುಗ್ಗುತ್ತದೆ, ಹಾಗಾಗಿ ಒಂದೇ ಸಲ ದಪ್ಪಗೆ ಮೆತ್ತದೆ ಎರಡು ಮೂರು ಪದರ ಹಾಕಿ. ಒಂದು ಪೂರ್ತಿ ದಿನ ಮುಟ್ಟಬೇಡಿ. ಮೇಲ್ನೋಟಕ್ಕೆ ಒಣಗಿದ್ದರೂ ಒಳಗೆ ಇನ್ನೂ ಮೆತ್ತಗಿರುತ್ತದೆ.

ಇದರ ಕೆಟ್ಟ ಗುಣ ಏನಂದರೆ ಮುಂಬದಿಗೆ ಒಂದು ಹನಿ ಬಿದ್ದರೂ ಆ ಜಾಗದ ತರಿತರಿ ವಿನ್ಯಾಸ ಕರಗಿ ಹೊಳೆಯುವ ಕಲೆ ಉಳಿಯುತ್ತದೆ. ಒರೆಸಲು ಹೋದರೆ ಇನ್ನೂ ಹರಡುತ್ತದೆ. ಪಿಸಿ+ಎಬಿಎಸ್ ಇದ್ದರೆ ಪಾಲಿಕಾರ್ಬೊನೇಟ್ ಪಾಲಿನಿಂದಾಗಿ ಸಣ್ಣ ಸಣ್ಣ ಬಿರುಕು ಬಿಡುವ ಅಪಾಯ ಇದೆ, ಅಲ್ಲಿ ಎಪಾಕ್ಸಿಗೆ ಹೋಗಿ. ಮೀಟರಿನ ಪಾರದರ್ಶಕ ಮುಚ್ಚಳದ ಹತ್ತಿರ ಅಂತೂ ಅಸಿಟೋನ್ ಬಾಟಲಿ ತೆರೆಯಲೇಬೇಡಿ. ಬೆಂಕಿ ಬೇಗ ಹತ್ತುವ ವಸ್ತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಎಪಾಕ್ಸಿ

ಎರಡು ಟ್ಯೂಬು, ಸಮ ಪ್ರಮಾಣ, ಕಲಸಿ ಹಚ್ಚುವುದು. ಐದು ನಿಮಿಷದ್ದು ಬೇಗ ಆಗುತ್ತದೆ ಅಂತ ಎಲ್ಲರೂ ಅದನ್ನೇ ತರುತ್ತಾರೆ, ಆದರೆ ಅದರಲ್ಲಿ ಹೆಚ್ಚಿನವು 50–60 ಡಿಗ್ರಿ ದಾಟಿದರೆ ಮೆತ್ತಗಾಗಲು ಶುರು. ನಿಧಾನವಾಗಿ, 24 ಗಂಟೆಯಲ್ಲಿ ಗಟ್ಟಿಯಾಗುವುದು ಬಲದಲ್ಲೂ ಬಿಸಿ ತಡೆಯುವುದರಲ್ಲೂ ಸಾಮಾನ್ಯವಾಗಿ ವಾಸಿ. ಎಬಿಎಸ್, ಪಿಸಿ+ಎಬಿಎಸ್‌ಗೆ ಧೈರ್ಯವಾಗಿ ಬಳಸಬಹುದು, ಸಂದು ತುಂಬುತ್ತದೆ, ಕುಗ್ಗುವುದೂ ಕಡಿಮೆ. ಗಾಜಿನ ಎಳೆ ಸೇರಿದ ನೈಲಾನ್‌ಗೆ ಒರಟಾಗಿ ಉಜ್ಜಿ ಹಚ್ಚಿದರೆ ತಕ್ಕಮಟ್ಟಿಗೆ ಹಿಡಿಯುತ್ತದೆ, ಆದರೆ ಒಳಗಿನ ಬಾಗಿಲ ಹಿಡಿಕೆ ದಿನಕ್ಕೆ ಹತ್ತು ಸಲ ಎಳೆಯುವಂಥದ್ದು, ಅದನ್ನು ಅಂಟಿಸಿ ನಂಬುವ ಬದಲು ಹೊಸದು ತನ್ನಿ. ಪಿಪಿಗೆ ಎಪಾಕ್ಸಿ ಬೇಡ. ಮೊದಲೇ ಹೇಳಿದೆನಲ್ಲ, ಹಕ್ಕಳೆ.

ಹಿಟ್ಟಿನ ಹಾಗೆ ನಾದಿ ಹಚ್ಚುವ ಎಪಾಕ್ಸಿ ಪುಟ್ಟಿ ಆಕಾರ ಕಟ್ಟಲು ಒಳ್ಳೆಯದು, ಹಿಡಿತ ಮಾತ್ರ ದ್ರವ ಎಪಾಕ್ಸಿಯಷ್ಟು ಇರುವುದಿಲ್ಲ. ನಾನು ಮೊದಲು ದ್ರವದ್ದನ್ನು ತೆಳ್ಳಗೆ ಸವರಿ, ಅದು ಹಸಿ ಇರುವಾಗಲೇ ಪುಟ್ಟಿ ಒತ್ತುತ್ತೇನೆ.

ಪಿಪಿ ಆದರೆ ದಾರಿ ಮೂರೇ

ಒಂದು, ಪ್ರೈಮರ್ ಜೊತೆ ಸೂಪರ್ ಗ್ಲೂ. ಪಾಲಿಓಲೆಫಿನ್ ಪ್ರೈಮರ್ ಅಂತ ಕೇಳಿ, ಪಿಪಿಯಂಥ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವಂತೆ ಮಾಡುವ ದ್ರವ ಅದು, ಪೆನ್ನಿನ ರೂಪದಲ್ಲೂ ಸಿಗುತ್ತದೆ. ಪಿಪಿಯ ಮೈಗೆ ತೆಳುವಾಗಿ ಸವರಿ, ಆರಲು ಬಿಟ್ಟು, ಆಮೇಲೆ ಅಂಟು. ಸಣ್ಣ ತುಂಡಿಗೆ ಚೆನ್ನಾಗಿದೆ. ಗಡಸುತನದ ಸಮಸ್ಯೆ ಇಲ್ಲೂ ಹಾಗೇ ಇರುತ್ತದೆ.

ಎರಡು, ಪಿಪಿಗೆಂದೇ ಮಾಡಿದ ಎರಡು ಭಾಗದ ಅಕ್ರಿಲಿಕ್ ಅಂಟು. 3ಎಂ ಕಂಪನಿಯ ಡಿಪಿ8005 ಈ ಜಾತಿಯದ್ದು. ಉಜ್ಜದೆ, ಪ್ರೈಮರ್ ಇಲ್ಲದೆ ನೇರವಾಗಿ ಹಿಡಿಯುತ್ತದೆ. ಮಿಶ್ರಣ 10ಕ್ಕೆ 1, ಆದ್ದರಿಂದ ಅದರದ್ದೇ ಗನ್ನು, ಅದರದ್ದೇ ಮೂತಿ ಬೇಕು. ಕೆಲಸಕ್ಕೆ ಸಿಗುವುದು ಎರಡು ಮೂರು ನಿಮಿಷ, ಮುಟ್ಟಲು ಕೆಲವು ಗಂಟೆ ಕಾಯಬೇಕು. ಬೇರೆ ಅಂಟುಗಳಿಗೆ ಹೋಲಿಸಿದರೆ ದುಬಾರಿ, ತೆರೆದ ಮೇಲೆ ಮೂತಿ ಗಟ್ಟಿಯಾಗಿ ಪ್ರತಿ ಸಲ ಹೊಸದು ಹಾಕಬೇಕು. ಒಂದು ಕ್ಲಿಪ್ ಗೂಡಿಗಾಗಿ ಇದನ್ನು ತರುವುದು ಸೊಳ್ಳೆ ಹೊಡೆಯಲು ಒನಕೆ ತಂದ ಹಾಗೆ. ಇಡೀ ಪ್ಯಾಡ್ ಹಾಳಾಗಿದ್ದರೆ ಮಾತು ಬೇರೆ.

ಮೂರು, ಬಿಸಿ. ಪಿಪಿ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ತಣಿದರೆ ಮೊದಲಿನ ಬಲದ ಹತ್ತಿರಕ್ಕೆ ಬರುತ್ತದೆ. ನನ್ನ ಪಾಕೆಟ್ ಕೊನೆಗೆ ಸರಿಹೋಗಿದ್ದು ಹೀಗೆಯೇ: ಅದೇ ಪ್ಯಾಡಿನ ಕಣ್ಣಿಗೆ ಕಾಣದ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿಕೊಂಡೆ, ಸೋಲ್ಡರಿಂಗ್ ಐರನ್ನಿನಿಂದ ಹಿಂಬದಿಯ ಸೀಳನ್ನು ಇಂಗ್ಲಿಷ್ ವಿ ಆಕಾರದಲ್ಲಿ ಅಗಲ ಮಾಡಿ, ಪಟ್ಟಿಯನ್ನು ಕರಗಿಸುತ್ತಾ ತುಂಬಿದೆ. ಎಡಗೈ ಬೆರಳನ್ನು ಮುಂಬದಿಗೆ ಹಿಡಿದುಕೊಂಡೇ ಕೆಲಸ ಮಾಡಿ. ಬೆರಳಿಗೆ ಚುರುಕ್ ಅನ್ನುವ ಮುಂಚೆಯೇ, ಬೆಚ್ಚಗಾಯಿತು ಅನ್ನುವಾಗಲೇ ಐರನ್ ಎತ್ತಬೇಕು. ನಾನು ಒಂದು ಕಡೆ ತಡ ಮಾಡಿದೆ, ಮುಂಬದಿಯಲ್ಲಿ ಕಡಲೆಕಾಳಿನಷ್ಟು ಹೊಳಪಿನ ಚುಕ್ಕೆ ಉಳಿದಿದೆ. ಬೇರೆ ಯಾರಿಗೂ ಕಾಣುವುದಿಲ್ಲ, ನನಗೆ ಮಾತ್ರ ಬಾಗಿಲು ತೆಗೆದಾಗಲೆಲ್ಲ ಮೊದಲು ಅದೇ ಕಾಣುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪು ಕೇಬಲ್ ಟೈ ಕರಗಿಸಿ ತುಂಬುವುದು. ಕೇಬಲ್ ಟೈ ನೈಲಾನ್, ಪಿಪಿ ಜೊತೆ ಬೆರೆಯುವುದಿಲ್ಲ. ಮೇಲೆ ಕೂತಂತೆ ಕಾಣುತ್ತದೆ, ತಣಿದ ಮೇಲೆ ಕಳಚಿಕೊಳ್ಳುತ್ತದೆ. ಹಾಗೇ ಐರನ್ ಪೂರ್ತಿ ಬಿಸಿಯಲ್ಲಿ ಇಡಬೇಡಿ, ಹೊಗೆಯಾಡಿ ಕಪ್ಪಾದ ಪ್ಲಾಸ್ಟಿಕ್ಕಿಗೆ ಬಲ ಇರುವುದಿಲ್ಲ. ಕಿಟಕಿ ತೆರೆದಿರಲಿ. ಸ್ಟೇಪಲ್ ಪಿನ್ನಿನಂಥ ತಂತಿಯನ್ನು ಬಿಸಿ ಮಾಡಿ ಒಳಗೆ ಹೂತುಬಿಡುವ ಹಾಟ್ ಸ್ಟೇಪ್ಲರ್ ಇದ್ದರೆ ಇನ್ನೂ ಬೇಗ, ಆದರೆ ಪ್ಲಾಸ್ಟಿಕ್ ತೆಳ್ಳಗಿದ್ದರೆ ತಂತಿಯ ಗುರುತು ಮುಂದೆ ಮೂಡುತ್ತದೆ.

ಬೇಡದ್ದು, ಪರವಾಗಿಲ್ಲದ್ದು

ಹಾಟ್ ಗ್ಲೂ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ. ಗಡಗಡ ಸದ್ದು ನಿಲ್ಲಿಸಲು, ವಯರ್ ಕದಲದಂತೆ ಹಿಡಿಯಲು ಸರಿ, ಮುರಿದದ್ದಕ್ಕೆ ಅಲ್ಲ. ಸಿಲಿಕೋನ್ ಬೇಡವೇ ಬೇಡ. ಹಿಡಿತವೂ ಕಮ್ಮಿ, ಒಮ್ಮೆ ಹಚ್ಚಿದರೆ ಆಮೇಲೆ ಬೇರೆ ಅಂಟೂ ಅಲ್ಲಿ ಹಿಡಿಯುವುದಿಲ್ಲ. ಯುವಿ ಬೆಳಕಿನ ಅಂಟಿಗೆ ಬೆಳಕು ಒಳಗೆ ಹೋಗಬೇಕು, ಕಪ್ಪು ಪ್ಲಾಸ್ಟಿಕ್ ನಡುವೆ ಎಲ್ಲಿಂದ ಹೋಗುತ್ತದೆ? ಬಂಪರಿಗೆ ಬಳಸುವ ಎರಡು ಭಾಗದ ಪಾಲಿಯುರಿಥೇನ್ ಬಾಗುವ ಗುಣದ್ದು, ಚೆನ್ನಾಗಿದೆ, ಪಿಪಿಗೆ ಮಾತ್ರ ಅದಕ್ಕೂ ಪ್ರೈಮರ್ ಬೇಕು. ಕೈಗವಸು ಹಾಕಿಕೊಂಡು ಗಾಳಿ ಆಡುವ ಕಡೆ ಬಳಸಿ. ಪ್ಯಾಡಿನ ಮೇಲಿನ ಬಟ್ಟೆ ಅಥವಾ ರೆಕ್ಸಿನ್ ಎದ್ದಿದ್ದರೆ ಬಿಸಿ ತಡೆಯುವ ಕಾಂಟ್ಯಾಕ್ಟ್ ಅಂಟು: ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಸಲು ಆಗುವುದಿಲ್ಲ.

ಯಾವ ಅಂಟಾದರೂ ಮೊದಲು ಇದು

ಡ್ಯಾಶ್‌ಬೋರ್ಡ್ ಪಾಲಿಶ್! ವರ್ಷಗಟ್ಟಲೆ ಹಚ್ಚಿದ ಸಿಲಿಕೋನ್ ಪಾಲಿಶ್ ಸೀಳಿನೊಳಗೂ ಇಳಿದಿರುತ್ತದೆ. ಸೋಪಿನ ನೀರು, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ 120ರ ಉಪ್ಪುಕಾಗದ, ಮತ್ತೊಮ್ಮೆ ಆಲ್ಕೋಹಾಲ್. ಮೊದಲೇ ಉಜ್ಜಿದರೆ ಎಣ್ಣೆಯನ್ನು ಗೀರಿನೊಳಗೆ ತುಂಬಿದ ಹಾಗಾಗುತ್ತದೆ. ಮುರಿದ ಅಂಚನ್ನು ಮಾತ್ರ ಉಜ್ಜಬೇಡಿ, ಆ ಏರುತಗ್ಗೇ ತುಂಡುಗಳನ್ನು ಸರಿಯಾಗಿ ಕೂರಿಸುವುದು. ಬಿರುಕು ಅರ್ಧಕ್ಕೆ ನಿಂತಿದ್ದರೆ ಅದರ ಕೊನೆಯಲ್ಲಿ ಹಿಂಬದಿಯಿಂದ 2 ಮಿಲಿಮೀಟರಿನ ತೂತು ಕೊರೆಯಿರಿ, ಇಲ್ಲದಿದ್ದರೆ ಅಂಟಿಸಿದ ಮೇಲೂ ಓಡುತ್ತದೆ. ಮುಂಬದಿಗೆ ಕಾಣುವ ಜಾಗ ಆದರೆ ಆರುಪಾರು ಕೊರೆಯದೆ ಹಿಂದಿನ ತೇಪೆಯನ್ನೇ ಬಿರುಕಿನ ತುದಿ ದಾಟಿಸಿ ಹಾಕಿ. ಮುಂಬದಿಗೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಹಚ್ಚಿದರೆ ತುಂಡುಗಳೂ ಕೂತಿರುತ್ತವೆ, ಅಂಟೂ ಹೊರಗೆ ಒಸರುವುದಿಲ್ಲ.

ಅಂಟಿಸಲೇಬಾರದ ಜಾಗ

ಏರ್‌ಬ್ಯಾಗ್ ಇರುವ ಕಡೆ ಕೈ ಹಾಕಬೇಡಿ. ಸ್ಟೀರಿಂಗ್ ನಡುವಿನ ಮುಚ್ಚಳ, ಪಕ್ಕದ ಸೀಟಿನ ಮುಂದಿನ ಡ್ಯಾಶ್‌ಬೋರ್ಡ್, ಬದಿಯ ಕಿಟಕಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇದ್ದರೆ ಕಂಬದ ಹೊದಿಕೆ. ಇವು ಯಾವ ಗೆರೆಯಲ್ಲಿ ಹರಿಯಬೇಕು, ಯಾವ ಕ್ಲಿಪ್ ಎಷ್ಟು ಬಿಡಬೇಕು ಅನ್ನೋದೆಲ್ಲ ಲೆಕ್ಕ ಹಾಕಿ ಮಾಡಿರುತ್ತಾರೆ. ಅಲ್ಲಿ ಎಪಾಕ್ಸಿ ಮೆತ್ತಿದರೆ ಬ್ಯಾಗ್ ತಡವಾಗಿ ಬಿಚ್ಚಬಹುದು, ಇಲ್ಲವೇ ಆ ಎಪಾಕ್ಸಿ ಚೂರೇ ಮುಖಕ್ಕೆ ಹಾರಬಹುದು. ಇಲ್ಲಿ ಅಂಟುಗಳ ಹೋಲಿಕೆಯೇ ಇಲ್ಲ, ಹೊಸ ಭಾಗವೇ.

ಸ್ಕ್ರೂ ಕೂರುವ ಕಂಬ

ನನ್ನ ಅನುಭವದಲ್ಲಿ ಅತಿ ಹೆಚ್ಚು ಮುರಿಯುವುದು ಇದೇ, ಸ್ಕ್ರೂ ಇಳಿಯುವ ಆ ಪುಟ್ಟ ಟೊಳ್ಳು ಕಂಬ. ಉದ್ದಕ್ಕೆ ಸೀಳಿ ಹೂವಿನ ಹಾಗೆ ಬಿಚ್ಚಿಕೊಂಡಿರುತ್ತದೆ. ಬರೀ ಅಂಟು ಹಾಕಿ ಸ್ಕ್ರೂ ತಿರುಗಿಸಿದರೆ ಮತ್ತೆ ಬಿಚ್ಚುವುದು ಖಂಡಿತ, ಯಾಕೆಂದರೆ ಸ್ಕ್ರೂ ಒಳಗಿನಿಂದ ಅಗಲ ಮಾಡಿ ತಳ್ಳುತ್ತದೆ. ಹೊರಗಿನಿಂದ ಬಿಗಿ ಹಿಡಿಯುವ ಬಳೆ ಬೇಕು. ಎಬಿಎಸ್ ಆದರೆ ಸೀಳಿಗೆ ಎರಡು ಹನಿ ಸೂಪರ್ ಗ್ಲೂ ಹಾಕಿ ಮುಚ್ಚಿ, ತೆಳು ತಾಮ್ರದ ತಂತಿಯನ್ನು ಆರೇಳು ಸುತ್ತು ಒತ್ತೊತ್ತಾಗಿ ಸುತ್ತಿ, ಅದರ ಮೇಲೆ ನಿಧಾನದ ಎಪಾಕ್ಸಿ ಬಳಿದು ಬುಡದಲ್ಲಿ ದಿಬ್ಬದ ಹಾಗೆ ಇಳಿಜಾರು ಮಾಡಿ. ಸ್ಕ್ರೂಗೆ ಮೇಣ ಸವರಿ ಒಳಗೆ ಬಿಟ್ಟಿರಿ, ತೂತು ಮುಚ್ಚುವುದಿಲ್ಲ. ಪಿಪಿ ಆದರೆ ತಂತಿ ಸುತ್ತಿ, ಐರನ್ನಿನಿಂದ ತಂತಿಯನ್ನೇ ಬಿಸಿ ಮಾಡಿ ಪ್ಲಾಸ್ಟಿಕ್ಕಿನೊಳಗೆ ಇಳಿಸಿ.

ಇಷ್ಟೆಲ್ಲ ಮಾಡಿ ಪ್ಯಾಡ್ ವಾಪಸ್ ಕೂರಿಸುವಾಗ ಸ್ಕ್ರೂವನ್ನು ನೇರ ಮುಂದಕ್ಕೆ ತಿರುಗಿಸಬೇಡಿ. ಮೊದಲು ಹಗುರವಾಗಿ ಒತ್ತಿ ಹಿಂದಕ್ಕೆ ತಿರುಗಿಸುತ್ತಾ ಹೋಗಿ. ಒಂದು ಕಡೆ ಸಣ್ಣಗೆ 'ಟಿಕ್' ಅಂತ ಕೆಳಗೆ ಇಳಿಯುತ್ತದೆ. ಅದು ಸ್ಕ್ರೂ ಮೊದಲು ಕೊರೆದಿದ್ದ ಸುರುಳಿ ಗೆರೆಯ ಬಾಯಿ. ಅಲ್ಲಿಂದ ಮುಂದಕ್ಕೆ ತಿರುಗಿಸಿ, ತಡೆ ಸಿಕ್ಕ ಮೇಲೆ ಕಾಲು ಸುತ್ತು ಸಾಕು.